ಹೊನ್ನಿಯ ಕೊನೆಯ ರೀಲು

ಡಬ್ಬಿಯ ಮುಚ್ಚಳ ತೆಗೆದ ಓಬಳರಾಜು ಮೊದಲು ಒಳಗೆ ಇಣುಕಿದ. ಆಮೇಲೆ ಮೂಸಿದ. ಕೊನೆಗೆ ಕಿರುಚಿದ.

ಒಳಗೆ ಇರಬೇಕಾದದ್ದು ಸಿನಿಮಾ ರೀಲು. ಇದ್ದದ್ದು ಕಬ್ಬಿಣದ ರೊಟ್ಟಿ ಹೆಂಚು.

ಸಬ್‌ಇನ್‌ಸ್ಪೆಕ್ಟರ್ ಮಂಗಳಾ ಜೀಪಿಳಿಯುವಷ್ಟರಲ್ಲಿ ಹೊಳವನಹಳ್ಳಿಯ ಶಾಲೆಯ ಮುಂದೆ ಅರ್ಧ ಊರು ಸೇರಿತ್ತು. ಉಳಿದರ್ಧ ಊರು ಚಪ್ಪಲಿ ಹುಡುಕಿಕೊಂಡು ಬರುತ್ತಿತ್ತು. ಮಂಗಳಾ ತಿಂಡಿ ತಿಂದಿರಲಿಲ್ಲ. ತಿಂಡಿ ತಿನ್ನದ ಮಂಗಳಾಳ ಎದುರು ಕಳ್ಳರಿರಲಿ, ಕಾನ್‌ಸ್ಟೇಬಲ್ ಅಡವಯ್ಯನೂ ಜೋರಾಗಿ ಉಸಿರಾಡುತ್ತಿರಲಿಲ್ಲ.

"ಏನು ಹೋಗಿದೆ?"

"ಕ್ಲೈಮ್ಯಾಕ್ಸು ಮೇಡಂ!" ಎಂದ ಗೌರೀಶ. ಯುವಕ ಸಂಘದ ಕಾರ್ಯದರ್ಶಿ. ಕಣ್ಣಲ್ಲಿ ನೀರು, ಕೈಯಲ್ಲಿ ಮೈಸೂರು ಪೇಟ. "ಮಿಕ್ಕಿದ್ದೆಲ್ಲಾ ಐತೆ. ಕೊನೇ ಡಬ್ಬೀದು ಮಾತ್ರ ಮಾಯ."

ಸಂಗತಿ ಹೀಗಿತ್ತು. ಊರಿನ ರೇಣುಕಯ್ಯನವರು ಮದ್ರಾಸಿನಲ್ಲಿ ಅರ್ಧ ಆಯಸ್ಸು ಸವೆಸಿ, ಕಪ್ಪು ಬಿಳುಪು ಕಾಲದ ಚಿತ್ರಗಳಿಗೆ ಕಥೆ, ಚಿತ್ರಕಥೆ, ಸಂಭಾಷಣೆ ಬರೆದವರು. ಈಗ ಎಂಬತ್ತು ದಾಟಿ ಊರಲ್ಲೇ ಇದ್ದಾರೆ. ಅವರ 'ಹೊನ್ನಿಯ ಹೊಸಿಲು' ಚಿತ್ರದ ಪ್ರಿಂಟು ಪ್ರಪಂಚದಲ್ಲೇ ಇಲ್ಲ ಎಂದು ಎಲ್ಲರೂ ನಂಬಿದ್ದರು. ಗೌರೀಶ ಅದನ್ನು ಯಾವುದೋ ಹಳೇ ಗೋಡೌನಿನಲ್ಲಿ ಪತ್ತೆಮಾಡಿ, ಹೊತ್ತು ತಂದು, ರೇಣುಕಯ್ಯನವರ ಎದುರಿಗೇ ಇಳಿಸಿ ಬೆರಗುಗೊಳಿಸಿದ್ದ. ಇವತ್ತು ಸಂಜೆ ಸನ್ಮಾನ. ಆಮೇಲೆ ಅದೇ ಚಿತ್ರದ ಪ್ರದರ್ಶನ.

"ಪ್ರಿಂಟು ನೋಡಿ ಅವರೇನಂದ್ರು?"

"ಆನಂದಕ್ಕೆ ಮಾತೇ ಹೊರಡ್ಲಿಲ್ಲ ಮೇಡಂ. ಬೆವತೋಗ್ಬುಟ್ರು."

ಮಂಗಳಾ ಹೆಂಚನ್ನು ಎತ್ತಿ ನೋಡಿದಳು. ಹಳೆಯದು. ಅಂಚು ಒಂದು ಕಡೆ ಸವೆದಿತ್ತು. ತೂಕ ಹೆಚ್ಚುಕಡಿಮೆ ರೀಲಿನಷ್ಟೇ. ಅಡಿಯಲ್ಲಿ ದುಂಡಗೆ ನೀರಿನ ತುಕ್ಕು. ಒಲೆಯ ಮೇಲಿರುವ ಹೆಂಚಿಗೆ ಮಸಿ ಹಿಡಿಯಬೇಕು, ಇದಕ್ಕೆ ತುಕ್ಕು ಯಾಕೆ ಹಿಡಿಯಿತು?

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮಧುಗಿರಿಯಿಂದ ದೊಡ್ಡ ಸಾಹೇಬರು.

"ಮಂಗಳಾ, ಸಂಜೆ ನಮ್ಮನೆಯವರೆಲ್ಲಾ ಬರ್ತಿದ್ದೀವಿ. ನಮ್ಮತ್ತೆ ಆ ಪಿಕ್ಚರ್ ನೋಡಬೇಕು ಅಂತ ಹೊಸಾ ಕನ್ನಡಕ ಮಾಡಿಸ್ಕೊಂಡಿದ್ದಾರೆ. ಏನೂ ತೊಂದ್ರೆ ಇಲ್ಲ ತಾನೇ?"

"ಏನೂ ಇಲ್ಲ ಸಾರ್," ಎಂದು ಮಂಗಳಾ ಹೆಂಚನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು, ಫೋನಿನಲ್ಲಿ ಕಾಣುತ್ತದೋ ಏನೋ ಎಂಬಂತೆ.

* * *

ಓಬಳರಾಜುವನ್ನು ಮೊದಲು ಹಿಡಿದುಕೊಂಡಳು. ಅವನಪ್ಪ ಕೊರಟಗೆರೆಯಲ್ಲಿ ಟೆಂಟ್ ಸಿನಿಮಾ ನಡೆಸುತ್ತಿದ್ದವನು. ಪ್ರೊಜೆಕ್ಟರ್ ಅವನದೇ. ಡಬ್ಬಿಗಳನ್ನಿಟ್ಟ ಕೋಣೆಯ ಬೀಗದ ಕೈಯೂ ಅವನ ಹತ್ತಿರವೇ.

"ನಮ್ಮಪ್ಪನಾಣೆಗೂ ನಾನಲ್ಲ ಮೇಡಂ. ನಿನ್ನೆ ಮೊದಲ್ನೇ ರೀಲು ಓಡಿಸಿ ಮಿಷನ್ ನೋಡಿದೆ, ಬೀಗ ಹಾಕ್ದೆ, ಅಷ್ಟೇಯ."

"ಅದಕ್ಕೂ ಮುಂಚೆ ಡಬ್ಬಿ ಎಲ್ಲಿದ್ದವು?"

"ನಮ್ಮ ರೇಣುಕಯ್ಯ ಅಯ್ನೋರ ಮನೇಲಿ. ಪೂಜೆ ಮಾಡಿ ಅರಿಶಿನ ಕುಂಕುಮ ಹಚ್ಚುದ್ವಿ. ನಾವು ನಾಕು ಜನ ಇದ್ವಿ. ನಾನು, ಗೌರೀಶ, ಪ್ರಸಾದ ತಂದಿದ್ದ ಮೆಸ್ಸಿನ ನರಸಿಂಹಮ್ಮ, ಆಮೇಲೆ ಆ ಪಾವಗಡದ ಗುಜರಿ ಕದರಪ್ಪ."

"ಗುಜರಿಯವನಿಗೆ ಪೂಜೇಲಿ ಏನು ಕೆಲಸ?"

"ರೀಲಲ್ಲಿ ಬೆಳ್ಳಿ ಇರ್ತದಂತೆ ಮೇಡಂ. ಎಷ್ಟಕ್ಕೆ ಕೊಡ್ತೀರಾ ಅಂತ ಕೇಳ್ತಿದ್ದ. ಈಗ್ತಾನೇ ಬಸ್ಸತ್ತಿದ."

ಅಡವಯ್ಯ ಆಗಲೇ ಜೀಪು ಸ್ಟಾರ್ಟ್ ಮಾಡಿದ್ದ.

ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಕದರಪ್ಪ ಪಾವಗಡದ ಬಸ್ಸಿಗೆ ಕಾಯುತ್ತಾ ಕೂತಿದ್ದ. ಮಡಿಲಲ್ಲಿ ಚೀಲ. ಚೀಲದಲ್ಲಿ ದುಂಡನೆಯ, ಚಪ್ಪಟೆಯ, ತಗಡಿನ ಡಬ್ಬಿ. ಅಡವಯ್ಯ ಹದ್ದಿನ ಹಾಗೆ ಎರಗಿದ.

"ಅಯ್ಯೋ ನೇನು ದೊಂಗ ಕಾದಮ್ಮಾ!" ಎಂದು ಕದರಪ್ಪ ಎರಡೂ ಕೈ ಎತ್ತಿಬಿಟ್ಟ. "ನಾನು ಕಳ್ಳ ಅಲ್ಲ. ಅದು ನಮ್ಮ ಮನವರಾಲಿಗೆ, ಮೊಮ್ಮಗಳಿಗೆ!"

ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ. ಸಾಕ್ಷ್ಯ ಪರೀಕ್ಷೆಗೆಂದು ಅಡವಯ್ಯ ಒಂದನ್ನು ಬಾಯಿಗೆ ಹಾಕಿಕೊಂಡ. ಖಾತ್ರಿಯಾಗಲಿಲ್ಲವೆಂದು ಇನ್ನೊಂದನ್ನೂ ಹಾಕಿಕೊಂಡ. ಮಂಗಳಾ ನೋಡಿದ ನೋಟಕ್ಕೆ ಮೂರನೆಯದು ಡಬ್ಬಿಗೆ ವಾಪಸ್ಸಾಯಿತು.

ಕದರಪ್ಪ ಚೇತರಿಸಿಕೊಂಡ. "ಒಂದು ಮಾತು ಚೆಪ್ತೀನಿ ವಿನಮ್ಮಾ, ಕೇಳು. ಬೆಳ್ಳಿಗೆ ಕದಿಯೋನಾದ್ರೆ ಕೊನೇದೊಂದೇ ಯಾಕೆ ತಗೋತೀನಿ? ಎಲ್ಲಾ ತಗೊಂಡೋಗಲ್ವಾ? ಒಂದೇ ಚಪ್ಪಲಿ ಕದಿಯೋ ಕಳ್ಳನ್ನ ಎಲ್ಲಾದ್ರೂ ನೋಡಿದ್ದೀಯಾ ತಲ್ಲಿ?"

ಮಂಗಳಾ ಚೀಲ ವಾಪಸ್ಸು ಕೊಟ್ಟಳು. ಗುಜರಿಯವನ ಮಾತು ಸರಿ. ಕದ್ದವನಿಗೆ ರೀಲು ಬೇಕಿರಲಿಲ್ಲ. ಚಿತ್ರದ ಕೊನೆ ಯಾರ ಕಣ್ಣಿಗೂ ಬೀಳಬಾರದು, ಅಷ್ಟೇ ಬೇಕಿತ್ತು.

ಯಾಕೆ?

* * *

ಹೊಳವನಹಳ್ಳಿ ಬಸ್ ನಿಲ್ದಾಣದ ಎದುರು 'ಹೊನ್ನಿ ಮೆಸ್'. ಗಲ್ಲಾಪೆಟ್ಟಿಗೆಯ ಹಿಂದೆ 'ಹೊನ್ನಿಯ ಹೊಸಿಲು' ಚಿತ್ರದ ಹಳೆಯ ಫೋಟೋ, ಅದಕ್ಕೆ ದಿನಾ ಕನಕಾಂಬರ. ಗಲ್ಲಾದಲ್ಲಿ ನರಸಿಂಹಮ್ಮ. ವಯಸ್ಸು ಎಪ್ಪತ್ತರ ಮೇಲೆ, ದನಿ ಇಪ್ಪತ್ತರದು.

ಅವಳ ಕಥೆ ಗೊತ್ತಿಲ್ಲದವರು ಆ ಸೀಮೆಯಲ್ಲಿಲ್ಲ. ಗಂಡ ಹೊಡೆದು ಹೊರಗೆ ಹಾಕಿದ. ತವರಿಗೆ ಬಂದಳು. ಸ್ವಲ್ಪ ದಿನಕ್ಕೆ ಗಂಡ ಕರೆಯಲು ಬಂದ. ಹೊಳವನಹಳ್ಳಿಗೆ ಹೊಳವನಹಳ್ಳಿಯೇ ನಿಂತು ನೋಡುತ್ತಿರುವಾಗ, ಸಿನಿಮಾದ ಹೊನ್ನಿಯ ಹಾಗೆಯೇ, ಅವನ ಮುಖದ ಮೇಲೆ ಬಾಗಿಲು ಹಾಕಿದಳು. ಮಾರನೇ ದಿನ ರೊಟ್ಟಿ ಮಾರಲು ಕೂತಳು. ಇವತ್ತು ಸಂಜೆ ದೀಪ ಹಚ್ಚುವುದೂ ಅವಳೇ.

ಮಂಗಳಾ ಹೆಂಚನ್ನು ಗಲ್ಲಾದ ಮೇಲಿಟ್ಟಳು. "ಇದು ಯಾರದು?"

ನರಸಿಂಹಮ್ಮ ಸವೆದ ಅಂಚಿನ ಮೇಲೆ ಬೆರಳಾಡಿಸಿದಳು. "ನಂದೇಯ. ಹಳೇದು. ಯಾವತ್ತೋ ಹಿತ್ಲಿಗೆ ಎಸ್ದಿದ್ದೆ. ಯಾರೋ ತಗಂಡೋಗಿರ್ಬೇಕು."

"ಯಾರು?"

"ಹೆಂಗೆ ಹೇಳ್ಲಿ ಕಣಮ್ಮ. ಮದ್ಲು ರೊಟ್ಟಿ ತಿನ್ನು. ಮಖ ನೋಡು, ಒಣಗಿದ ಬದನೇಕಾಯಿ ಆಗೈತೆ."

ಅವಳಿಗೆ ಗೊತ್ತು, ಹೇಳುತ್ತಿಲ್ಲ. ಹಾಗಂತ ಮಂಗಳಾಗೆ ಅನಿಸಿತು. ಆದರೆ ರೊಟ್ಟಿಯ ಜೊತೆಗೆ ಹುಚ್ಚೆಳ್ಳು ಚಟ್ನಿಯೂ ಬಂತು. ಕರ್ತವ್ಯ ಸ್ವಲ್ಪ ಹೊತ್ತು ಕಾಯಬಹುದು ಎಂದು ಕೂತಳು.

"ಅಡವಯ್ಯ, ನಿಮ್ಮೂರೋರೆಲ್ಲ ಅಷ್ಟೊಂದು ಕುಣೀತಿದೀರಲ್ಲ, ಆ ಕೊನೇ ಸೀನಲ್ಲಿ ಅಂಥದ್ದೇನಿದೆ?"

ಅಷ್ಟೇ ಸಾಕಾಯಿತು. ಅಡವಯ್ಯ ಎದ್ದು ನಿಂತು ಟೋಪಿ ತೆಗೆದ.

"ಗಂಡ ಬಂದು ಬಾಗ್ಲು ತಟ್ತಾನೆ ಮೇಡಂ. 'ಹೊನ್ನಿ, ತಪ್ಪಾಯ್ತು, ಮನೀಗ್ ಬಾ' ಅಂತಾನೆ. ಹೊನ್ನಿ ಹಸ್ರು ಸೀರೆ ಉಟ್ಕಂಡವಳೆ."

"ಗಿಣಿ ಹಸ್ರು," ಎಂದರು ಮೂಲೆಯ ಟೇಬಲ್ಲಿನ ಮುದುಕರೊಬ್ಬರು.

"ಗಿಣಿ ಹಸ್ರು. ಒಲೆ ಮ್ಯಾಲೆ ರೊಟ್ಟಿ. ಮನೆ ತುಂಬಾ ಸೀದ ವಾಸ್ನೆ. ಹೊನ್ನಿ ಸೆರಗಲ್ಲಿ ಕೈ ಒರೆಸ್ಕಂಡು ಹೇಳ್ತಾಳೆ..."

ಮೆಸ್ಸಿನಲ್ಲಿದ್ದವರೆಲ್ಲ ಒಟ್ಟಿಗೇ ಹೇಳಿದರು: "ರೊಟ್ಟಿ ಸೀಯ್ತಾ ಐತೆ, ನೀ ಹೊಂಡು!"

"ಬಾಗ್ಲು ಧಡಾರ್!" ಎಂದು ಅಡವಯ್ಯ ಟೇಬಲ್ಲು ಕುಟ್ಟಿದ. ಸಾಂಬಾರು ಮಂಗಳಾಳ ಖಾಕಿಗೆ ಹಾರಿತು.

ಅವಳು ಬೈಯಲಿಲ್ಲ. ತುತ್ತು ಕೈಯಲ್ಲೇ ಉಳಿದಿತ್ತು. ಗೋಡೆಯ ಫೋಟೋ ನೋಡಿದಳು. ಹೊನ್ನಿ ಅಲ್ಲಿ ಬೂದು ಸೀರೆ ಉಟ್ಟಿದ್ದಳು. ಬೂದು ಬಾಗಿಲು, ಬೂದು ಒಲೆ.

"ಕಪ್ಪು ಬಿಳುಪು ಪಿಕ್ಚರಲ್ಲಿ ಗಿಣಿ ಹಸಿರು ಹೆಂಗೆ ಕಾಣಿಸ್ತು?"

ಅಡವಯ್ಯನೂ ಫೋಟೋ ಕಡೆ ತಿರುಗಿ ನೋಡಿದ.

"ರೊಟ್ಟಿ ಸೀದ ವಾಸನೆ ಪರದೆಯಿಂದ ಬಂತಾ? ಅಡವಯ್ಯ, ನೀವು ಇದನ್ನ ಕಣ್ಣಾರೆ ನೋಡಿದೀರಾ?"

"ನೋಡ್ದಂಗೇಯಾ ಮೇಡಂ..."

"ನೋಡಿದೀರಾ, ಇಲ್ವಾ?"

ಅಡವಯ್ಯ ಟೋಪಿ ಹಾಕಿಕೊಂಡ. ಮುದುಕರು ಗಂಟಲು ಸರಿಮಾಡಿಕೊಂಡು ಒಪ್ಪಿಕೊಂಡರು. ಟೆಂಟು ಇದ್ದದ್ದು ಕೊರಟಗೆರೆಯಲ್ಲಿ. ಊರಿಗೆ ಬರುವ ಕೊನೇ ಬಸ್ಸು ಹೊರಡುತ್ತಿದ್ದದ್ದು ಪಿಕ್ಚರು ಮುಗಿಯುವ ಮುಂಚೆ. ಡ್ರೈವರು ಟೆಂಟಿನ ಹೊರಗೆ ಹಾರನ್ ಹೊಡೆಯುವನು. ಹೊಳವನಹಳ್ಳಿಯವರೆಲ್ಲ ಪಂಚೆ ಎತ್ತಿ ಓಡುವರು. ಯಾವ ಚಿತ್ರವಾದರೂ ಅಷ್ಟೇ. ವಿಲನ್ನು ಚಾಕು ಎತ್ತಿದ್ದಾನೆ, ಹಾರನ್. ತಾಯಿ ಮಗ ಒಂದಾಗಬೇಕು, ಹಾರನ್.

"ಹಂಗಾದ್ರೆ ಈ ಊರಲ್ಲಿ ಯಾರೂ ಯಾವ ಸಿನಿಮಾದ ಕೊನೇನೂ ನೋಡಿಲ್ಲ?"

"ಯಾಕೆ, ಬಸ್ಸಲ್ಲಿ ರೇಣುಕಯ್ಯ ಹೇಳೋರಲ್ಲ," ಎಂದರು ಮುದುಕರು. "ಚಿಕ್ಕುಡುಗ ಇದ್ದಾಗ್ಲಿಂದ ಅವರದ್ದೇ ಕೆಲ್ಸ. ಬಸ್ಸು ಊರು ಮುಟ್ಟೋದ್ರಾಗೆ ಕಥೆ ಮುಗಿಸ್ಬುಡೋರು. ಆ ಅಭ್ಯಾಸಾನೇ ಮದ್ರಾಸಿಗೆ ಕರ್ಕೊಂಡೋಯ್ತು. ಅಲ್ಲಿ ಸಾವ್ಕಾರ್ರ ಮುಂದೆ ಹೇಳಿದ್ರೂ ಕ್ಲೈಮ್ಯಾಕ್ಸು ಕೊರಟಗೆರೆ ರಸ್ತೆಯಷ್ಟೇ ಉದ್ದ ಇರ್ತಿತ್ತಂತೆ. ಅವರ್ದೇ ಪಿಕ್ಚರ್ ಟೆಂಟಿಗೆ ಬಂದಾಗ್ಲೂ ಹಾರನ್ ಆಯ್ತು, ಓಡುದ್ವಿ. ಬಸ್ಸಲ್ಲಿ ಅವರೇ ಕೂತಿದ್ರು. ಅವರೇ ಹೇಳುದ್ರು."

ಮಂಗಳಾ ಗಲ್ಲಾದ ಕಡೆ ತಿರುಗಿದಳು. ಹೊನ್ನಿಯ ಮಾತನ್ನು ಇಡೀ ಮೆಸ್ಸು ಕೂಗಿತ್ತು. ಒಬ್ಬಳ ಬಾಯಿ ಮಾತ್ರ ಅಲ್ಲಾಡಿರಲಿಲ್ಲ.

"ನರಸಿಂಹಮ್ಮನೋರೆ, ನೀವೇನು ಹೇಳ್ತೀರಿ? ಕೊನೆ ಹಿಂಗೇನಾ?"

"ಸಂಜೆ ನೀನೇ ನೋಡ್ಕಳವ್ವ," ಎಂದು ನರಸಿಂಹಮ್ಮ ಊಟದ ಕ್ಯಾರಿಯರ್ ತುಂಬಿಸತೊಡಗಿದಳು.

ಹೊರಗೆ ಬಂದು ಮಂಗಳಾ ಸಿರಾದಲ್ಲಿದ್ದ ತಾಯಿಗೆ ಫೋನ್ ಮಾಡಿದಳು.

"ಅವ್ವಾ, 'ಹೊನ್ನಿಯ ಹೊಸಿಲು' ನೋಡಿದೀಯಾ?"

"ಲಂಗ ಹಾಕ್ತಿದ್ದಾಗ ನೋಡಿದ್ದೆ ಕಣೆ. ಟಾಕೀಸು ಮನೆ ಪಕ್ಕದಲ್ಲೇ ಇತ್ತಲ್ಲ. ನಾನೂ ಪಕ್ಕದ್ಮನೆ ಬೂಬಮ್ಮನೂ ಹೊಟ್ಟೆ ತುಂಬಾ ಅತ್ತು ಬಂದ್ವಿ. ಗಂಡನ ಕಾಲ್ಮೇಲೆ ಬಿದ್ದು, ಪಾದದ ಧೂಳು ಹಣೆಗಿಟ್ಕೊಂಡು ಸತ್ತೋಗ್ಬಿಟ್ಳಲ್ಲ, ಪಾಪ. ಅದಿರ್ಲಿ, ತಿಂಡಿ ತಿಂದ್ಯಾ?"

* * *

ರೇಣುಕಯ್ಯನವರು ಜಗುಲಿಯ ಆರಾಮ ಕುರ್ಚಿಯಲ್ಲಿ ಕೂತಿದ್ದರು. ಹಣೆಯಲ್ಲಿ ವಿಭೂತಿ, ಮೈಮೇಲೆ ಇಸ್ತ್ರಿ ಮಾಡಿದ ಜುಬ್ಬ.

"ಬಾ ತಾಯಿ. ಏಳೋಕಾಗಲ್ಲ, ಕ್ಷಮಿಸು. ಮಂಡಿ ನೋವು," ಎಂದು ಕೂತಲ್ಲೇ ಕೈಮುಗಿದರು. "ಕಳ್ಳ ಸಿಕ್ಕಿದನಾ? ನನ್ನ ಅನುಭವ ಹೇಳ್ತೀನಿ ಕೇಳು. ಇಂಟರ್‌ವಲ್‌ಗೆ ಮುಂಚೆ ಯಾರ ಮೇಲೆ ಅನುಮಾನ ಬರ್ತದೋ ಅವನು ಕಳ್ಳ ಅಲ್ಲ. ನೀನು ಆ ಪಾವಗಡದವನ..."

"ಬಿಟ್ಟುಬಿಟ್ಟೆ. ಕೈ ತೊಳೀಬೇಕು, ಬಚ್ಚಲೆಲ್ಲಿ?"

ಬಚ್ಚಲಲ್ಲಿ ತಾಮ್ರದ ಹಂಡೆ. ಅದರ ಬಾಯಿಗೆ ಸ್ಟೀಲಿನ ಊಟದ ತಟ್ಟೆ ಮುಚ್ಚಿತ್ತು. ಸಾಲದೆ ಅರ್ಧ ನೀರಿಗೆ ಜಾರಿತ್ತು. ಮಂಗಳಾ ತಟ್ಟೆ ತೆಗೆದಳು. ಹಂಡೆಯ ಬಾಯಿಯ ಸುತ್ತ ತುಕ್ಕಿನ ಬಳೆ. ರೊಟ್ಟಿ ಹೆಂಚನ್ನು ಮೇಲಿಟ್ಟಳು. ತುಕ್ಕಿಗೆ ತುಕ್ಕು ಸರಿಯಾಗಿ ಕೂತಿತು.

ಜಗುಲಿಗೆ ಬರುವಷ್ಟರಲ್ಲಿ ನರಸಿಂಹಮ್ಮನೂ ಕ್ಯಾರಿಯರ್ ಹಿಡಿದು ಬಂದಿದ್ದಳು. ಮಂಗಳಾ ಹೆಂಚನ್ನು ಇಬ್ಬರ ನಡುವೆ ಇಟ್ಟು ಕಂಬಕ್ಕೆ ಒರಗಿದಳು.

"ಹಂಡೆ ಮುಚ್ಚಳ ಎಲ್ಲಿ ಹೋಗಿತ್ತು ಅಂತ ಗೊತ್ತಾಯ್ತು ಅಜ್ಜ. ಡಬ್ಬಿಗೆ ಪೂಜೆ ಆದ್ಮೇಲೆ ಎಲ್ಲರನ್ನೂ ಪ್ರಸಾದಕ್ಕೆ ಒಳಗೆ ಕಳಿಸಿ, ನೀವೊಬ್ರೇ ಇಲ್ಲಿ ಕೂತಿರಿ, ಅಲ್ವಾ?"

"ನನ್ನ ಮಗುವಿನಂಥಾ ಚಿತ್ರ ತಾಯಿ, ಒಂದು ಗಳಿಗೆ..."

"ಆ ಗಳಿಗೇಲಿ ಮಗೂನ ಕೊನೇ ಭಾಗ ತೆಗೆದು ಹೆಂಚು ಇಟ್ರಿ. ತೂಕ ಸರಿ ಇರಲಿ ಅಂತ. ಊರಿಗೆ ನೀವು ಹೇಳಿದ ಕೊನೆ ಬೇರೆ, ಪಿಕ್ಚರಲ್ಲಿರೋ ಕೊನೆ ಬೇರೆ. ನಮ್ಮವ್ವ ಸಿರಾದಲ್ಲಿ ನೋಡಿದಾಳೆ. ಹೊನ್ನಿ ಬಾಗಿಲು ಹಾಕಲ್ಲ, ಸತ್ತುಹೋಗ್ತಾಳೆ. ಇವತ್ತು ಸಂಜೆ ಊರಿಗೆ ಅದು ಗೊತ್ತಾಗಬಾರದಿತ್ತು. ಈಗ ದಯವಿಟ್ಟು ಎದ್ದೇಳಿ."

"ಮಂಡಿ ನೋವು ಅಂದೆನಲ್ಲ."

"ಬೆಳಿಗ್ಗೆ ತಿಂಡಿಗೆ ನಡ್ಕಂಡು ಬಂದಿದ್ರಲ್ಲ ಅಯ್ನೋರೆ," ಎಂದಳು ನರಸಿಂಹಮ್ಮ ಮೆಲ್ಲಗೆ.

ರೇಣುಕಯ್ಯ ಎದ್ದರು. ಅಡವಯ್ಯ ಕುರ್ಚಿಯ ದಿಂಬು ಎತ್ತಿದ. ಕೊನೆಯ ರೀಲು ಬೆಚ್ಚಗೆ ಕೂತಿತ್ತು.

ಎಷ್ಟು ಕೇಡಿಗಳಿಗೆ ತಪ್ಪೊಪ್ಪಿಗೆಯ ಮಾತು ಬರೆದುಕೊಟ್ಟಿದ್ದರೋ ಏನೋ, ತಮ್ಮ ಸರದಿ ಬಂದಾಗ ಅವರಿಗೆ ಮಾತೇ ಸಿಗಲಿಲ್ಲ. ಮಂಗಳಾಗೆ ಪಾಪ ಅನಿಸಿತು. ನೀರು ತಂದು ಕೊಟ್ಟಳು.

"ನಾನು ಬರೆದದ್ದು ಬಾಗಿಲು ಹಾಕೋದನ್ನೇ ತಾಯಿ," ಎಂದರು ಕೊನೆಗೆ. "ನಿರ್ಮಾಪಕರು ಕಥೆ ಕೇಳುವಾಗ ಚಪ್ಪಾಳೆ ಹೊಡೆದ್ರು. ಶೂಟಿಂಗಿಗೆ ಹೋಗುವಾಗ ಅಂದ್ರು, 'ಹೆಂಡತಿ ಗಂಡನಿಗೆ ಬಾಗಿಲು ಹಾಕಿದ್ರೆ ಟಾಕೀಸಿನವರು ನನಗೆ ಬಾಗಿಲು ಹಾಕ್ತಾರೆ ರೇಣುಕಯ್ಯ.' ಸಾಯಿಸಿಬಿಟ್ರು. ನನ್ನ ಹೆಸರಲ್ಲೇ ಸಾಯಿಸಿದ್ರು. ಅವತ್ತು ಬಸ್ಸಲ್ಲಿ ಊರೋರು, 'ಆಮೇಲೇನಾಯ್ತು?' ಅಂದಾಗ ನನಗೆ ಸುಳ್ಳು ಹೇಳಬೇಕು ಅಂತಿರಲಿಲ್ಲ. ನಾನು ಬರೆದದ್ದನ್ನ ಹೇಳಿದೆ, ಅಷ್ಟೇ. ಅದನ್ನ ನಂಬಿ ಈಯಮ್ಮ ನಿಜವಾಗ್ಲೂ ಬಾಗಿಲು ಹಾಕಿಬಿಟ್ಳು!" ಅವರು ನರಸಿಂಹಮ್ಮನ ಮುಖ ನೋಡಲಿಲ್ಲ. "ಒಂದು ಜೀವಮಾನ ಇವಳ ಕೈಯಲ್ಲಿ ಊಟ ಮಾಡಿದೀನಿ. ಇವತ್ತು ಅಷ್ಟು ಜನದ ಮುಂದೆ ದೀಪ ಹಚ್ಚಿ ಕೂತು, ಹೊನ್ನಿ ಗಂಡನ ಕಾಲಿಗೆ ಬೀಳೋದನ್ನ ಇವಳು ನೋಡಬೇಕಾ? ನನ್ನ ಮಾನ ಹೋದ್ರೆ ಹೋಗ್ಲಿ. ತನ್ನ ಬಾಳು ಸುಳ್ಳಿನ ಮೇಲೆ ಕಟ್ಟಿದ್ದು ಅಂತ ಇವಳಿಗೆ ಅನಿಸಿದ್ರೆ?"

ನರಸಿಂಹಮ್ಮ ಕ್ಯಾರಿಯರ್ ಬಿಚ್ಚಿ ತಟ್ಟೆಗೆ ಬಡಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

"ನಾನು ಆವತ್ತೇ ನೋಡಿದ್ದೆ ಅಯ್ನೋರೆ."

"ಏನನ್ನ?"

"ಕೊನೇನ. ನನ್ನ ಕೊಟ್ಟಿದ್ದು ಸಿರಾಕ್ಕಲ್ವಾ. ಅಲ್ಲಿ ಬಸ್ಸಿನ ಹಾರನ್ ಎಲ್ಲಿತ್ತು? ನನ್ ಗಂಡನೇ ಕರ್ಕಂಡೋಗಿ ತೋರ್ಸಿದ್ದ. 'ನೋಡ್ಲೇ, ಹೆಂಗಸು ಅಂದ್ರೆ ಇಂಗಿರ್ಬೇಕು' ಅಂದ. ಮನೀಗ್ ಬಂದು ಹೊಡ್ದ. ತವರಿಗ್ ಬಂದ್ಬುಟ್ಟೆ. ಬಂದ್ರೆ ಇಲ್ಲಿ ಊರೆಲ್ಲಾ ಬ್ಯಾರೆ ಹೇಳ್ತೈತೆ, ಹೊನ್ನಿ ಬಾಗ್ಲು ಹಾಕುದ್ಳು ಅಂತ." ಸಾರು ಹಾಕಿದಳು. "ಸಿರಾದಲ್ಲಿ ಸತ್ತೋದೋಳು ಹೊಳವನಹಳ್ಳೀಲಿ ಬದುಕಿದ್ಳು. ನೀವು ಬಸ್ಸಲ್ಲಿ ಹೇಳಿದ್ದು ಅಂತ ಗೊತ್ತಾಯ್ತು. ಎರಡ್ರಲ್ಲಿ ಯಾವ್ದು ಬೇಕು ಅಂತ ನಾನೇ ಆರಿಸ್ಕಂಡೆ. ಯಾರೂ ನನಗೆ ಸುಳ್ಳು ಹೇಳ್ಲಿಲ್ಲ."

ರೇಣುಕಯ್ಯ ಕಣ್ಣೊರೆಸಿಕೊಂಡರು.

"ಮತ್ತೆ ಹೆಂಚು ಹಿತ್ತಲಿಗೆ ಎಸ್ದೆ ಅಂತ ನನಗ್ಯಾಕೆ ಸುಳ್ಳು ಹೇಳಿದ್ರಿ?" ಎಂದಳು ಮಂಗಳಾ.

"ಹಂಡೆ ಮುಚ್ಚಾಕೆ ನಾನೇ ಕೊಟ್ಟಿದ್ದೆ ಕಣವ್ವ. ನೋಡಿದ್ ತಕ್ಷಣ ಇದು ಇವರ ಕೆಲ್ಸ ಅಂತ ತಿಳೀತು. ಈ ವಯಸ್ನಲ್ಲಿ ಪೊಲೀಸ್ರಿಗೆ ಹಿಡ್ಕೊಟ್ರೆ ಮಧ್ಯಾನದ ಊಟ ಯಾರಿಗೆ ಹಾಕ್ಲಿ?"

ಮಂಗಳಾ ರೀಲು ಎತ್ತಿಕೊಂಡಳು. "ಈಗ ಇದನ್ನೇನು ಮಾಡೋಣ?"

"ಹಾಕ್ರಿ," ಎಂದಳು ನರಸಿಂಹಮ್ಮ. "ಊರೋರು ಒಂದ್ ದಪಾ ನೋಡ್ಲಿ. ಏನಾಗ್ತದೆ, ನಂಗೂ ನೋಡ್ಬೇಕು."

* * *

ಆದದ್ದು ಇಷ್ಟು. ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಸರಾಗವಾಗಿ ಮುಗಿದವು. ಚಿತ್ರ ಶುರುವಾಯಿತು. ಶಾಲೆಯ ಬಯಲು ತುಂಬಾ ಜನ ನಕ್ಕರು, ಹಾಡಿಗೆ ಶಿಳ್ಳೆ ಹೊಡೆದರು. ದೊಡ್ಡ ಸಾಹೇಬರ ಅತ್ತೆ ಹೊಸ ಕನ್ನಡಕ ಒರೆಸಿ ಒರೆಸಿ ನೋಡಿದರು. ಕೊನೆಯ ರೀಲು ಬಂತು. ಹೊನ್ನಿ ಬಾಗಿಲು ತೆರೆದಳು, ಗಂಡನ ಕಾಲಿಗೆ ಬಿದ್ದಳು, ಧೂಳು ಹಣೆಗಿಟ್ಟಳು, ಸತ್ತಳು. ಶುಭಂ.

ಆಮೇಲೆ ಯಾರೋ ಹಿಂದಿನಿಂದ ಕೂಗಿದರು.

"ಡೂಪ್ಲಿಕೇಟ್! ರೀಲು ಬದಲಾಯಿಸವ್ರೆ!"

"ನಮ್ ಹೊನ್ನಿ ಸಾಯಲ್ಲ ಕಣ್ರಲೇ! ಹಸ್ರು ಸೀರೆ ಎಲ್ಲಿ?"

"ಲೇ ಓಬಳರಾಜ, ಒರಿಜಿನಲ್ ಹಾಕ್ಲಾ!"

ಓಬಳರಾಜು ಪ್ರೊಜೆಕ್ಟರಿನ ಹಿಂದೆ ಅಡಗಿಕೊಂಡ. ಎಲ್ಲರಿಗಿಂತ ಮುಂದೆ ನುಗ್ಗಿ ಬಂದವನು ಅಡವಯ್ಯ. ದಿಂಬು ಎತ್ತಿ ರೀಲು ಪತ್ತೆಮಾಡಿದವನೂ ಅವನೇ.

"ಮೇಡಂ, ಅನ್ಯಾಯ! ನಮ್ಮೂರ ಕ್ಲೈಮ್ಯಾಕ್ಸು ಕಳುವಾಗೈತೆ! ಕಂಪ್ಲೇಂಟ್ ತಗಳಿ!"

"ಕಂಪ್ಲೇಂಟ್ ಬರ್ಕೊಳ್ಳೋರೇ ನೀವಲ್ವಾ ಅಡವಯ್ಯ," ಎಂದಳು ಮಂಗಳಾ. "ಕೂತ್ಕೊಳ್ಳಿ. ಕಳುವಾದ ಮಾಲು ಅಲ್ಲಿದೆ."

ರೇಣುಕಯ್ಯ ಮೆಲ್ಲನೆ ವೇದಿಕೆ ಹತ್ತುತ್ತಿದ್ದರು. ಪರದೆ ಖಾಲಿ, ಬರೀ ಬಿಳಿ ಬೆಳಕು. ಮೈಕು ಹಿಡಿದರು. ಪೇಟ ಒಂದು ಕಡೆ ಜಾರಿತ್ತು.

"ಈಗ ನೋಡಿದ್ದು ನಿರ್ಮಾಪಕರದ್ದು," ಎಂದರು. "ನಂದು ಹೇಳ್ಲಾ?"

"ಹೇಳ್ರೀ!" ಬಯಲಿಗೆ ಬಯಲೇ ಕೂಗಿತು.

"ಗಂಡ ಬಂದು ಬಾಗಿಲು ತಟ್ಟಿದ. 'ಹೊನ್ನಿ, ತಪ್ಪಾಯ್ತು, ಮನೆಗೆ ಬಾ' ಅಂದ. ಹೊನ್ನಿ ಗಿಣಿ ಹಸಿರು ಸೀರೆ ಉಟ್ಟಿದ್ದಾಳೆ..."

ಆಗ ರಸ್ತೆಯ ಕಡೆಯಿಂದ ಉದ್ದನೆಯ ಹಾರನ್ ಬಂತು. ಸುತ್ತಲಿನ ಹಳ್ಳಿಗಳಿಗೆ ಹೋಗುವ ಕೊನೇ ಬಸ್ಸು.

ಅಭ್ಯಾಸಬಲದಿಂದ ಒಂದಿಬ್ಬರು ಮುದುಕರ ಕೈ ಪಂಚೆಗೆ ಹೋಯಿತು. ಆದರೆ ಯಾರೂ ಏಳಲಿಲ್ಲ. ಮತ್ತೆ ಹಾರನ್. ಒಬ್ಬರೂ ತಿರುಗಿ ನೋಡಲಿಲ್ಲ. ಕೊನೆಗೆ ಡ್ರೈವರೇ ಬಸ್ಸು ಆಫ್ ಮಾಡಿ, ಗೊಣಗುತ್ತಾ ಬಯಲಿಗೆ ಬಂದು, ಮಂಗಳಾಳ ಪಕ್ಕದಲ್ಲಿ ನಿಂತ.

ವೇದಿಕೆಯ ಮೇಲೆ ರೇಣುಕಯ್ಯ ಮುಂದುವರಿಸಿದರು. "ಹೊನ್ನಿ ಸೆರಗಲ್ಲಿ ಕೈ ಒರೆಸ್ಕೊಂಡು..." ಎಂದವರು ಮುಂದೆ ಹೇಳಲಾರದೆ ಮೊದಲ ಸಾಲಿನ ಕಡೆ ನೋಡಿದರು.

ನರಸಿಂಹಮ್ಮ ಎದ್ದು ನಿಂತಳು. ಅವಳಿಗೆ ಮೈಕು ಬೇಕಾಗಲಿಲ್ಲ.

"ರೊಟ್ಟಿ ಸೀಯ್ತಾ ಐತೆ, ನೀ ಹೊಂಡು ಅಂದ್ಳು. ಬಾಗ್ಲು ಹಾಕುದ್ಳು!"

ಚಪ್ಪಾಳೆ ಚನ್ನರಾಯನದುರ್ಗಕ್ಕೂ ಕೇಳಿಸಿರಬೇಕು. ಮಂಗಳಾಳ ಕಣ್ಣು ತುಂಬಿತು. ಖಾಕಿ ತೋಳಿನಲ್ಲಿ ಒರೆಸಿಕೊಂಡಳು. ಡ್ರೈವರು ಬೇರೆ ಊರಿನವನು, ತಲೆಬುಡ ತಿಳಿಯದೆ ಬಾಯಿ ಬಿಟ್ಟುಕೊಂಡು ನಿಂತಿದ್ದ.

"ಆಮೇಲೇನಾಯ್ತಮ್ಮಾ?" ಎಂದು ಕೂಗಿ ಕೇಳಿದ.

"ಆಮೇಲೇನು," ಎಂದಳು ನರಸಿಂಹಮ್ಮ. "ಬೆಳಿಗ್ಗೆ ಮೆಸ್ಸಿಗೆ ಬಾ, ಬಿಸಿ ರೊಟ್ಟಿ ಇರ್ತದೆ."